ಕೀಲೆಣ್ಣೆಯಿಂದ ಕ್ಲಿಯರ್ ಕೋಟ್‌ವರೆಗೆ: ಕೊಳ್ಳೇಗಾಲ ಸೀಮೆಯಲ್ಲಿ ಗಾಡಿಯ ಬಣ್ಣ ಕಾಯ್ದ ಬಗೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಗಾಡಿಯ ಮೈ ತೊಳೆದು, ಉಜ್ಜಿ, ಹೊಳಪು ಕಾಪಾಡುವ ಕೆಲಸ ಮೋಟಾರು ಕಾರಿಗಿಂತ ಬಹಳ ಹಳೆಯದು. ಈ ಮೂರು ಊರಿಗೂ ರೈಲು ಬರಲೇ ಇಲ್ಲ. ರೇಷ್ಮೆ ಗೂಡು, ರಾಗಿ, ಬೆಲ್ಲ, ಕಾಡಿನ ಸೀಗೆಕಾಯಿ, ಜಾತ್ರೆಗೆ ಹೊರಟ ಜನ, ಎಲ್ಲಕ್ಕೂ ರಸ್ತೆಯೇ ಗತಿ. ಬೆಂಗಳೂರಿನಿಂದ ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಹಾಸನೂರು ಘಟ್ಟ ಇಳಿದು ಸತ್ಯಮಂಗಲ, ಕೊಯಮತ್ತೂರು ಸೇರುವ ದಾರಿ ಹಳೆಯ ವ್ಯಾಪಾರದ ದಾರಿ. ಶಿವನಸಮುದ್ರದಲ್ಲಿ ಕಾವೇರಿಯ ಕವಲುಗಳಿಗೆ 19ನೇ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಕಲ್ಲುಸೇತುವೆಗಳು ಬಂಡಿಗಳ ಓಡಾಟಕ್ಕೆ ಅನುವು ಮಾಡಿಕೊಟ್ಟವು.

ಆಡಳಿತದಲ್ಲಿ ಮಾತ್ರ ಈ ಸೀಮೆ ಒಂದಾಗಿರಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕೊಳ್ಳೇಗಾಲ ಬ್ರಿಟಿಷರ ಕೈಸೇರಿ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತು. ಇಂದಿನ ಹನೂರು ತಾಲ್ಲೂಕಿನ ಊರುಗಳೂ ಅದರೊಳಗೇ ಇದ್ದವು. ಪಕ್ಕದ ಯಳಂದೂರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು, ಅದು ಮೈಸೂರು ಸಂಸ್ಥಾನದ ಭಾಗ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಬರುವ ತನಕವೂ ಮೋಟಾರು, ಬಿಡಿಭಾಗ, ಬಣ್ಣ, ರಿಪೇರಿಯ ಕಸುಬು ಈ ಸೀಮೆಗೆ ಎರಡು ದಿಕ್ಕಿನಿಂದ ಬರುವಂತಿತ್ತು. ಒಂದು ಕಡೆ ಮೈಸೂರು. ಇನ್ನೊಂದು ಕಡೆ, 1920ರಲ್ಲಿ ಜಿ.ಡಿ. ನಾಯ್ಡು ಒಂದೇ ಬಸ್ಸಿನಿಂದ ಯುನೈಟೆಡ್ ಮೋಟಾರ್ ಸರ್ವೀಸ್ ಹೂಡಿದ ಕೊಯಮತ್ತೂರು ನಾಡು.

ಮರದ ಬಂಡಿಗೆ ಬಣ್ಣಕ್ಕಿಂತ ಎಣ್ಣೆ ಮುಖ್ಯ. ಬಿಸಿಲಿಗೆ ಒಣಗಿ ಸೀಳದಂತೆ, ಮಳೆಗೆ ಊದದಂತೆ ಮೂಕಿಗೂ ಚಕ್ರದ ಗುಂಬಕ್ಕೂ ಎಣ್ಣೆ ಕುಡಿಸುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಗಟ್ಟಿ ಎಣ್ಣೆ. ಅದನ್ನು ತುಂಬಿದ ಬಿದಿರಿನ ಗೊಟ್ಟ ಬಂಡಿಯ ಅಡಿಯಲ್ಲೇ ತೂಗಾಡುತ್ತಿತ್ತು. ಬಣ್ಣ ಏನಿದ್ದರೂ ಎತ್ತಿನ ಕೊಂಬಿಗೆ. ಮಲೆಮಹದೇಶ್ವರ ಬೆಟ್ಟದ ಆಸುಪಾಸಿನ ಆಲಂಬಾಡಿ ತಳಿಯ ಎತ್ತು, ಬಯಲಿನ ಹಳ್ಳಿಕಾರ್ ಎತ್ತು, ಇವುಗಳ ಮೈಯನ್ನು ಕೆರೆಯಲ್ಲಿ ಹುಲ್ಲಿನ ಸಿವುಡಿನಿಂದ ಉಜ್ಜಿ ತೊಳೆದು, ಕೊಂಬು ಹೆರೆದು ನಯಗೊಳಿಸಿ ಬಣ್ಣ ಹಚ್ಚುವುದು ಹಬ್ಬದ ಕೆಲಸ. ಮೊದಲು ತೊಳೆಯುವುದು, ಆಮೇಲೆ ಹೆರೆಯುವುದು, ಕೊನೆಗೆ ಹಚ್ಚುವುದು ಎಂಬ ಈ ಕ್ರಮವೇ ಮುಂದೆ ಕಾರಿಗೂ ಬಂತು.

ಮೊದಮೊದಲ ಮೋಟಾರು ಕಾರುಗಳ ಬಣ್ಣ ಕುದುರೆ ಸಾರೋಟಿನ ಬಣ್ಣವೇ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣವನ್ನು ಕುಂಚದಿಂದ ಬಳಿದು, ಒಣಗಲು ಬಿಟ್ಟು, ಪ್ಯೂಮಿಸ್ ಕಲ್ಲಿನಿಂದ ತಿಕ್ಕಿ, ಮತ್ತೆ ಬಳಿದು, ಕೊನೆಗೆ ಮರದ ಅಂಟಿನ ವಾರ್ನಿಷ್ ಕೊಡುತ್ತಿದ್ದರು. ಒಂದು ಗಾಡಿ ಸಿದ್ಧವಾಗಲು ವಾರಗಳೇ ಹಿಡಿಯುತ್ತಿದ್ದವು. ಅಮೆರಿಕದ ಹೆನ್ರಿ ಫೋರ್ಡ್ 1914ರಿಂದ 1925ರವರೆಗೆ ತನ್ನ ಟಿ ಮಾದರಿಯ ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರಿದ್ದಕ್ಕೂ ಈ ಒಣಗುವ ಕಾಟದ ನಂಟಿದೆ. ಎಣ್ಣೆ ವಾರ್ನಿಷ್ ಮೃದು. ಸೋಪು, ಬಿಸಿನೀರು ತಾಗಿದರೆ ಮಂಕಾಗುತ್ತದೆ. ಕೆಸರು ಅಂಟಿಕೊಂಡೇ ಒಣಗಿದರೆ ಕಲೆ ಉಳಿಯುತ್ತದೆ. ಆದ್ದರಿಂದ ಕೆಸರು ಹಸಿಯಿರುವಾಗಲೇ ತಣ್ಣೀರು ಹರಿಸಿ ಇಳಿಸಿ, ಮೆತ್ತನೆ ಚರ್ಮದಿಂದ ಒತ್ತಿ ಒರೆಸುವುದು ಆ ಕಾಲದ ನಿಯಮ. ಲಾಯದ ಪಕ್ಕದಲ್ಲಿ ಗಾಡಿ ನಿಲ್ಲಿಸಬಾರದೆಂಬ ಇನ್ನೊಂದು ನಿಯಮವೂ ಇತ್ತು. ಗೊಬ್ಬರ, ಗಂಜಲದಿಂದ ಏಳುವ ಅಮೋನಿಯ ವಾರ್ನಿಷನ್ನು ಹಾಳುಮಾಡುತ್ತದೆ. ಕೊಟ್ಟಿಗೆ, ತಿಪ್ಪೆಯ ಮಗ್ಗುಲಲ್ಲೇ ಕಾರು ನಿಲ್ಲುವ ಹಳ್ಳಿಗಳಲ್ಲಿ ಈ ಹಳೆಯ ಎಚ್ಚರಿಕೆಯನ್ನು ಇಂದಿಗೂ ಕೈಬಿಡಬೇಕಾಗಿಲ್ಲ.

ಬಣ್ಣದ ಕಚ್ಚಾವಸ್ತುವಿಗೆ ಮೈಸೂರು ಸೀಮೆ ದೂರದ ಊರನ್ನು ನೋಡಬೇಕಾಗಿರಲಿಲ್ಲ. ಜಾಲಾರಿ, ಮುತ್ತುಗದ ಮರಗಳಲ್ಲಿ ಅರಗಿನ ಹುಳು ಕಟ್ಟುವ ಅರಗೂ ವಾರ್ನಿಷಿಗೆ ಒಂದು ಮೂಲ. ಅರಗನ್ನು ನೆಚ್ಚಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಲ್ಯಾಕ್ ಮತ್ತು ಪೇಂಟ್ ಕಾರ್ಖಾನೆ ಶುರುವಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. 1962ರ ಚುನಾವಣೆಯಿಂದ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ ಅದರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅಷ್ಟರೊಳಗೆ ಕಾರಿನ ಮೈ ಮಾತ್ರ ಅರಗು, ಅಗಸೆ ಎಣ್ಣೆಗಳನ್ನು ದಾಟಿ ಹೋಗಿತ್ತು.

ಆ ಬದಲಾವಣೆ ತಂದದ್ದು ಡ್ಯೂಕೋ. ಹತ್ತಿಯ ನಾರಿನಿಂದ ತಯಾರಾಗುವ ನೈಟ್ರೋಸೆಲ್ಯುಲೋಸ್, ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಾಗಿದ್ದ ವಸ್ತು. ಅದನ್ನು ತಿನ್ನರಿನಲ್ಲಿ ಕರಗಿಸಿ ಗನ್ನಿನಿಂದ ಸಿಂಪಡಿಸುವ ಬಣ್ಣವನ್ನು ಡ್ಯೂಪಾಂಟ್ ಕಂಪನಿ ಸಿದ್ಧಪಡಿಸಿತು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳು ಅದನ್ನು ಹೊತ್ತು ಬಂದವು. ವಾರಗಟ್ಟಲೆಯ ಕೆಲಸ ಗಂಟೆಗಳಿಗಿಳಿಯಿತು. ಡ್ಯೂಕೋ ಎಂಬ ಕಂಪನಿಯ ಗುರುತು ಭಾರತದ ಗ್ಯಾರೇಜುಗಳಲ್ಲಿ ಕೆಲಸದ ಹೆಸರೇ ಆಗಿಹೋಯಿತು. ಟಿಂಕರಿಂಗ್ ಅಂಗಡಿಯಲ್ಲಿ ತಗಡು ತಟ್ಟಿ ನೇರಮಾಡಿ, ಪಟ್ಟಿ ಹಾಕಿ, ವಾಟರ್ ಪೇಪರ್ ಹೊಡೆದು, ಪ್ರೈಮರ್ ಕೊಟ್ಟು ಸಿಂಪಡಿಸುವ ಯಾವ ಬಣ್ಣಕ್ಕಾದರೂ ಹಳಬರು ಡ್ಯೂಕೋ ಎಂದೇ ಅನ್ನುತ್ತಾರೆ.

ಹಿಂದೂಸ್ತಾನ್ ಮೋಟಾರ್ಸ್ 1957ರಿಂದ ತಯಾರಿಸಿದ ಅಂಬಾಸಿಡರ್, ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯ ಫಿಯಟ್ ಕಾರುಗಳು ರಸ್ತೆ ಆಳಿದ ದಶಕಗಳಲ್ಲಿ ಗ್ಯಾರೇಜಿನ ಮರುಬಣ್ಣವೆಂದರೆ ಬಹುಮಟ್ಟಿಗೆ ಈ ಎನ್.ಸಿ., ಅಂದರೆ ನೈಟ್ರೋಸೆಲ್ಯುಲೋಸ್, ಪೇಂಟೇ. ಅದರ ಗುಣ ತಿಳಿಯದೆ ಮನೆಯಲ್ಲಿ ಬಣ್ಣ ಉಳಿಸುವ ಚರಿತ್ರೆ ಅರ್ಥವಾಗದು. ಎನ್.ಸಿ. ಬಣ್ಣ ಸಿಂಪಡಿಸಿದಾಗ ಮಂಕಾಗಿಯೇ ಕೂರುತ್ತದೆ, ಹೊಳಪನ್ನು ಕೈಯಿಂದ ತಿಕ್ಕಿಯೇ ಬರಿಸಬೇಕು. ಹೀಗಾಗಿ ಹೊಸದರಲ್ಲೇ ರಬ್ಬಿಂಗ್ ಕಾಂಪೌಂಡ್ ಎಂಬ ಉಜ್ಜುಮುದ್ದೆಯ ಋಣ ಅದಕ್ಕೆ ಅಂಟಿಕೊಂಡಿತ್ತು. ಬಿಸಿಲಿಗೆ ಅದರ ಮೇಲ್ಪದರ ಸತ್ತು ಪುಡಿಯಾಗುತ್ತದೆ. ಬೆರಳಾಡಿಸಿದರೆ ಸುಣ್ಣದ ಹಾಗೆ ಹುಡಿ ಹತ್ತುತ್ತದೆ. ಕೆಂಪು ಬಣ್ಣಕ್ಕೆ ಈ ಕಾಟ ಹೆಚ್ಚು. ಆದರೆ ಸತ್ತ ಪದರದ ಕೆಳಗೆ ಜೀವಂತ ಬಣ್ಣ ಇದ್ದೇ ಇರುತ್ತದೆ. ಇನ್ನೊಂದು ಅನುಕೂಲವೆಂದರೆ ಒಣಗಿದ ಎನ್.ಸಿ. ಬಣ್ಣ ತನ್ನ ತಿನ್ನರಿನಲ್ಲಿ ಮತ್ತೆ ಕರಗುತ್ತದೆ. ಒಂದೆಡೆ ಹೊಸದಾಗಿ ಸಿಂಪಡಿಸಿದರೆ ಹಳೆಯದರೊಳಗೆ ಬೆಸೆದುಕೊಂಡು ಗೆರೆ ಕಾಣದಂತೆ ಸೇರುತ್ತದೆ. ಸಣ್ಣ ಊರಿನ ಗ್ಯಾರೇಜು, ಕಾರ್ಖಾನೆಯ ಒಲೆಯಿಲ್ಲದೆ, ಬಯಲಿನಲ್ಲಿ ನಿಂತು ಒಳ್ಳೆಯ ಕೆಲಸ ಮಾಡಬಲ್ಲದ್ದಾಗಿದ್ದು ಈ ಗುಣದಿಂದ. ಈ ಬಣ್ಣವನ್ನು ಬಡವರ ಊರಿನ ಬಣ್ಣವೆಂದು ಕೀಳಾಗಿ ಕಾಣುವುದು ಸರಿಯಲ್ಲ. ದುರಸ್ತಿಗೆ ಇಷ್ಟು ಒಗ್ಗುವ ಬಣ್ಣ ಆಮೇಲೆ ಬರಲಿಲ್ಲ.

ಮನೆಯಲ್ಲಿ ಅದನ್ನು ಉಳಿಸುವ ವಿಧಾನ ಹೀಗಿತ್ತು. ಬೆಳಗಿನ ಹೊತ್ತು, ನೆರಳಿನಲ್ಲಿ, ಬಕೆಟ್ಟಿನ ನೀರು ಹೊಯ್ದು ದೂಳು ಇಳಿಸುವುದು. ಹಳೆಯ ಬನಿಯನ್ ಬಟ್ಟೆ ಒದ್ದೆಮಾಡಿ ಹಿಂಡಿ, ಕಡಲೆಯಷ್ಟು ಕಾಂಪೌಂಡ್ ತೆಗೆದುಕೊಂಡು ಬಾಗಿಲಿನ ಅರ್ಧದಷ್ಟು ಜಾಗವನ್ನು ಮಾತ್ರ ಒಂದೇ ನೇರಕ್ಕೆ ತಿಕ್ಕುವುದು. ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತದೆ: ಕಪ್ಪು ಕಾರಿಗೆ ಕಪ್ಪು, ನೀಲಿಗೆ ನೀಲಿ. ಮೊದಲು ಮಂಕಾದ ಬಣ್ಣ ಬಂದು, ಆಮೇಲೆ ಗಾಢ ಬಣ್ಣ ಬರತೊಡಗಿದಾಗ ಕೈ ನಿಲ್ಲಿಸಬೇಕು. ಬಾನೆಟ್ಟಿನ ಏಣು, ಮಡ್‌ಗಾರ್ಡಿನ ಅಂಚುಗಳಲ್ಲಿ ಬಣ್ಣ ತೆಳು. ಅಲ್ಲಿ ಎರಡು ಸಲ ಹೆಚ್ಚು ತಿಕ್ಕಿದರೂ ಪ್ರೈಮರ್ ಇಣುಕುತ್ತದೆ. ಕಾಂಪೌಂಡ್ ತೊಳೆದ ಮೇಲೆ ವ್ಯಾಕ್ಸ್ ಪಾಲಿಶ್ ಸವರಿ, ಬೆಳ್ಳಗೆ ಒಣಗಿದಾಗ ಬೇರೆ ಬಟ್ಟೆಯಲ್ಲಿ ಒರೆಸುವುದು. ವ್ಯಾಕ್ಸ್ ಹೊಳಪು ಹುಟ್ಟಿಸುವುದಿಲ್ಲ, ತಿಕ್ಕಿ ಬರಿಸಿದ ಹೊಳಪಿನ ಮೇಲೆ ನೀರು, ಬಿಸಿಲು, ದೂಳು ನೇರ ತಾಗದಂತೆ ತಡೆಯುತ್ತದೆ. ಒಳ್ಳೆಯ ಪಾಲಿಶುಗಳಲ್ಲಿರುವ ಕಾರ್ನೌಬಾ ಮೇಣ ಬ್ರೆಜಿಲ್ ದೇಶದ ಒಂದು ತಾಳೆಯ ಗರಿಯಿಂದ ಬರುತ್ತದೆ.

ಪಾಲಿಶ್ ಕೊಳ್ಳದ ಕಡೆ ಸೀಮೆಎಣ್ಣೆ ಬೆರೆಸಿದ ನೀರು, ಕೊಬ್ಬರಿ ಎಣ್ಣೆ, ಡೀಸೆಲ್ ಒದ್ದೆಯ ಬಟ್ಟೆ ಚಾಲ್ತಿಯಲ್ಲಿದ್ದವು. ರಸ್ತೆಯ ಡಾಂಬರಿನ ಚುಕ್ಕೆ ಬಿಡಿಸಲು ಸೀಮೆಎಣ್ಣೆ ನಿಜಕ್ಕೂ ಒಳ್ಳೆಯದು, ಕೂಡಲೇ ತೊಳೆದುಬಿಟ್ಟರೆ. ಇಡೀ ಮೈಗೆ ಎಣ್ಣೆ ಸವರಿದರೆ ಆ ದಿನಕ್ಕೆ ಹೊಳೆದು, ಮರುದಿನದ ದೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಆ ದೂಳನ್ನು ಒಣಬಟ್ಟೆಯಲ್ಲಿ ಒರೆಸಿದಾಗ ಗೀರು ಬೀಳುವುದು ಖಂಡಿತ. ರಸ್ತೆ ದೂಳಿನಲ್ಲಿರುವ ಬೆಣಚುಕಲ್ಲಿನ ಕಣ ಯಾವ ಬಣ್ಣಕ್ಕಿಂತಲೂ ಗಟ್ಟಿ.

ಈ ಸೀಮೆಯ ರಸ್ತೆಗಳು ಬಣ್ಣಕ್ಕೆ ಕೊಡುವ ಪೆಟ್ಟು ಬೇರೆಯದೇ. ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಯನ್ನು ರಸ್ತೆಗೆ ಹಾಸಿ, ಓಡಾಡುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಕಣದಲ್ಲಿ ರೋಣಗಲ್ಲು ಎಳೆಯಲು ಎತ್ತು, ಆಳು ಇಲ್ಲದಾದಾಗ ಬೆಳೆದ ರೂಢಿ ಇದು. ಹುರುಳಿ ಸೊಪ್ಪು ಗಾಡಿಯ ಅಡಿಗೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಹೊತ್ತಿ ಕಾರುಗಳು ಸುಟ್ಟದ್ದೂ ಉಂಟು. ಹೊತ್ತದೆ ಹೋದರೂ ಹೊಟ್ಟು, ಮುಳ್ಳು, ದೂಳು ಬಂಪರಿನ ಸಂದಿಗಳಲ್ಲಿ ಕೂತು ತೇವ ಹಿಡಿಯುತ್ತವೆ. ಒಕ್ಕಣೆಯ ರಸ್ತೆ ಹಾದು ಬಂದ ಕಾರನ್ನು ಮೊದಲು ಅಡಿಯಿಂದ ತೊಳೆಯಬೇಕು, ಆಮೇಲೆ ಮೇಲಿನಿಂದ. ಹನೂರು ದಾಟಿ ಕೌದಳ್ಳಿ, ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟ ಹತ್ತಿಳಿದ ಗಾಡಿಯ ಮೈಮೇಲೆ ಇನ್ನೊಂದು ಕೊಳೆ ಇರುತ್ತದೆ: ತಿರುವು ತಿರುವಿಗೂ ಹಿಡಿದ ಬ್ರೇಕಿನಿಂದ ಹಾರಿದ ಕಬ್ಬಿಣದ ಹುಡಿ. ಅದು ಚಕ್ರದ ಪಕ್ಕದ ಬಣ್ಣದೊಳಗೆ ಕಚ್ಚಿ ತುಕ್ಕಿನ ಚುಕ್ಕೆಯಾಗುತ್ತದೆ, ಬರೀ ಸೋಪುನೀರಿಗೆ ಬಿಡುವುದಿಲ್ಲ. ಇನ್ನು ನೀರು. ಬೋರ್‌ವೆಲ್ಲಿನ ಗಡಸು ನೀರು ಬಿಸಿಯಾದ ಬಾನೆಟ್ ಮೇಲೆ ಆರಿದರೆ ಉಳಿಯುವ ಬಿಳಿ ವೃತ್ತಗಳು ಸುಣ್ಣದ ಲವಣಗಳು. ಹೊಸದಾಗಿದ್ದಾಗ ನೀರು ಬೆರೆಸಿದ ವಿನೆಗರ್ ಅವನ್ನು ಕರಗಿಸುತ್ತದೆ. ಬಿಸಿಲಿನಲ್ಲಿ ತಿಂಗಳಾದರೆ ಬಣ್ಣದೊಳಕ್ಕೇ ಕೊರೆಯುತ್ತವೆ. ಹುಣಸೆ, ಬೇವಿನ ನೆರಳಿನಲ್ಲಿ ನಿಲ್ಲಿಸಿದರೆ ಹಕ್ಕಿ ಹಿಕ್ಕೆ. ಅದರ ಆಮ್ಲ ಅರ್ಧ ದಿನದ ಬಿಸಿಲಿಗೇ ಗುರುತು ಬಿಡುತ್ತದೆ.

ವರ್ಷಕ್ಕೊಮ್ಮೆಯಾದರೂ ಪ್ರತಿ ಗಾಡಿಗೂ ನೀರು ಕಾಣಿಸಿದ್ದು ಆಯುಧಪೂಜೆ. ವಿಜಯನಗರದ ಮಹಾನವಮಿಯಲ್ಲಿ ಅರಸರು ಆನೆ ಕುದುರೆಗಳನ್ನು ಅಲಂಕರಿಸಿ ಪೂಜಿಸುತ್ತಿದ್ದುದನ್ನು 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆ ಪರಂಪರೆಯನ್ನು ಮುಂದುವರಿಸಿದರು. ಮೈಸೂರು ಅರಮನೆಯಲ್ಲಿ ಪಟ್ಟದ ಕತ್ತಿ, ಪಟ್ಟದ ಆನೆ, ಕುದುರೆಗಳ ಸಾಲಿಗೆ ಕಾಲಕ್ರಮದಲ್ಲಿ ಕಾರುಗಳೂ ಸೇರಿದವು. ತಮಿಳು ಸೀಮೆಯಲ್ಲೂ ಇದೇ ಹಬ್ಬ ಇದ್ದುದರಿಂದ ಮದರಾಸಿನ ಕೊಳ್ಳೇಗಾಲಕ್ಕೂ ಮೈಸೂರಿನ ಯಳಂದೂರಿಗೂ ಈ ವಿಷಯದಲ್ಲಿ ಭೇದವಿರಲಿಲ್ಲ. ಮುನ್ನಾದಿನ ಕಾವೇರಿಯ ದಡ, ಸುವರ್ಣಾವತಿಯ ಹೊಳೆ, ಊರ ಕೆರೆಗಳಲ್ಲಿ ಲಾರಿ, ಟ್ರ್ಯಾಕ್ಟರ್, ಕಾರು ಸಾಲಾಗಿ ನಿಲ್ಲುತ್ತಿದ್ದವು. ಹೊಸ ಗಾಡಿ ಕೊಂಡವರು ಮಾದಪ್ಪನ (ಮಹದೇಶ್ವರನ) ಬೆಟ್ಟಕ್ಕೋ ಬಿಳಿಗಿರಿರಂಗನ ಬೆಟ್ಟಕ್ಕೋ ಒಯ್ದು ಪೂಜೆ ಮಾಡಿಸುವ ವಾಡಿಕೆಯೂ ಬೆಳೆಯಿತು.

ಪೂಜೆಯ ಸಾಮಗ್ರಿ ಮತ್ತು ಬಣ್ಣದ ಸಂಬಂಧವನ್ನು ಭಕ್ತಿಗೆ ಕುಂದಿಲ್ಲದಂತೆ ತಿಳಿದುಕೊಳ್ಳಬಹುದು. ಮಾದಪ್ಪನ ಒಕ್ಕಲಿನವರು ಬಾನೆಟ್ಟಿಗೆ ಬಳಿಯುವ ವಿಭೂತಿ ಸುಟ್ಟ ಸಗಣಿಯ ಬೂದಿ. ಒಣಗಿದ ಮೇಲೆ ಅದು ನಯವಾದ ಉಜ್ಜುಪುಡಿ. ಒಣಗೈಯಲ್ಲಿ ಒರೆಸಿದರೆ ಮೂರು ಬೆರಳಿನ ಅಚ್ಚು ಗೀರಾಗಿ ಉಳಿದೀತು. ಅರಿಸಿನ ಬಿಳಿ ಕಾರಿಗೆ ಹಳದಿ ಹಿಡಿಸುತ್ತದೆ, ಬಿಸಿಲಿಗಿಟ್ಟರೆ ಕ್ರಮೇಣ ತಾನೇ ಬಿಡುತ್ತದೆ. ಕುಂಕುಮ ಹಾಗಲ್ಲ, ಈಗಿನ ಅಂಗಡಿ ಕುಂಕುಮದ ರಾಸಾಯನಿಕ ಬಣ್ಣ ಒದ್ದೆಯಾದರೆ ಆಳಕ್ಕಿಳಿಯುತ್ತದೆ. ಚಕ್ರಕ್ಕೆ ಕೊಟ್ಟ ನಿಂಬೆಹಣ್ಣಿನ ಹುಳಿ, ಸಿಡಿದ ಎಳನೀರಿನ ಸಕ್ಕರೆ, ಬಾಳೆಕಂದಿನ ರಸ ಒಣಗಿ ಅಂಟಾಗುತ್ತವೆ. ಹೆಚ್ಚಿನ ಹಾನಿ ಮಾಡುವುದು ಹಾರ ನಿಲ್ಲಲೆಂದು ಅಂಟಿಸುವ ಟೇಪು. ಮರುಬಣ್ಣ ಕಂಡ ಗಾಡಿಯಲ್ಲಿ ಅದನ್ನು ಕೀಳುವಾಗ ಬಣ್ಣದ ಸಿಪ್ಪೆಯೂ ಜೊತೆಗೆ ಬರುತ್ತದೆ. ಚೆಂಡುಹೂವಿನ ಹಾರವನ್ನು ದಾರದಿಂದ ಕಟ್ಟಿ, ಪೂಜೆಯ ಸಂಜೆಯೇ ಎಲ್ಲವನ್ನೂ ನೀರು ಹರಿಸಿ ತೆಗೆದರೆ ಇವ್ಯಾವುವೂ ಉಳಿಯವು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಕಾರ್ಖಾನೆಯ ಒಲೆಯಲ್ಲಿ ಬೆಂದ ಬಣ್ಣ ಸಾಮಾನ್ಯ ಮನೆಗಳಿಗೂ ಬಂತು. 1990ರ ದಶಕದಿಂದ ಲೋಹದ ಮಿನುಗಿನ ಬಣ್ಣಗಳು ಹೆಚ್ಚಾದಂತೆ ಕ್ಲಿಯರ್ ಕೋಟ್ ಸರ್ವತ್ರವಾಯಿತು. ಇಲ್ಲಿ ಬಣ್ಣವೇ ಬೇರೆ, ಹೊಳಪೇ ಬೇರೆ. ಕೆಳಗೆ ತೆಳುವಾದ ಬಣ್ಣ, ಮೇಲೆ ಪಾರದರ್ಶಕವಾದ ಗಟ್ಟಿ ಪದರ. ಕಬ್ಬಿಣದಿಂದ ಮೇಲಕ್ಕೆ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅದರಲ್ಲಿ ಕ್ಲಿಯರ್ 40ರಿಂದ 50. ಒಂದು ತಲೆಗೂದಲಿಗಿಂತ ಕಡಿಮೆ. ಸೂರ್ಯನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಇರುವುದೂ ಅದರಲ್ಲೇ.

ಇಲ್ಲಿಂದಾಚೆಗೆ ಹಳೆಯ ಕೈಚಳಕ ಹೊಸ ಬಣ್ಣಕ್ಕೆ ಮುಳುವಾಯಿತು. ತಿಕ್ಕಿ ಹೊಳಪು ಬರಿಸುವ ತತ್ತ್ವ ಬದಲಾಗಿಲ್ಲ. ಈ ಸೀಮೆಯ ಕರಿಕಲ್ಲಿನ ಚಪ್ಪಡಿಗೆ ಒರಟಿನಿಂದ ನಯಕ್ಕೆ ಸಾಣೆ ಬದಲಿಸುತ್ತ ಕನ್ನಡಿಯಂಥ ಹೊಳಪು ಕೊಡುವಾಗ ಆಗುವುದೇ ಇಲ್ಲೂ ಆಗುತ್ತದೆ: ದೊಡ್ಡ ಗೀರು ಹೋಗಿ ಸಣ್ಣದು, ಸಣ್ಣದು ಹೋಗಿ ಕಣ್ಣಿಗೆ ಕಾಣದ್ದು. ಆದರೆ ಕಲ್ಲಿಗೆ ಅಂಗುಲಗಟ್ಟಲೆ ದಪ್ಪವಿದೆ, ಕ್ಲಿಯರ್ ಪದರದಲ್ಲಿ ಕೆಲವೇ ಮೈಕ್ರಾನ್ ಕಳೆದರೂ ಆಯುಸ್ಸು ಕುಗ್ಗುತ್ತದೆ. ಪ್ರತಿ ದಸರೆಗೂ ಒರಟು ಕಾಂಪೌಂಡ್ ಕಂಡ ಕಾರಿನ ಚಾವಣಿ, ಬಾನೆಟ್ ಕೆಲವು ವರ್ಷಗಳಲ್ಲಿ ಹಾವಿನ ಪೊರೆಯಂತೆ ಸುಲಿಯುವುದಕ್ಕೆ ಇದೊಂದು ದೊಡ್ಡ ಕಾರಣ.

ಯಾವ ಬಣ್ಣವೆಂದು ತಿಳಿಯುವ ಪರೀಕ್ಷೆ ಸುಲಭ. ಮರೆಯಾದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ನಯವಾದ ಪಾಲಿಶ್ ಹಾಕಿ ಮೆಲ್ಲಗೆ ತಿಕ್ಕಿದಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಒಂದೇ ಪದರದ ಹಳೆಯ ಬಗೆಯ ಬಣ್ಣ. ಹತ್ತದಿದ್ದರೆ ಮೇಲೆ ಕ್ಲಿಯರ್ ಇದೆ. ಕ್ಲಿಯರ್ ಇರುವ ಕಾರನ್ನು ತೊಳೆಯುವಾಗ ಸೋಪುನೀರಿಗೊಂದು, ಬಟ್ಟೆ ಜಾಲಿಸುವುದಕ್ಕೊಂದು, ಎರಡು ಬಕೆಟ್ ಬೇಕು. ಮೊದಲು ಧಾರಾಳವಾಗಿ ನೀರು ಹರಿಸಿ ಸಡಿಲ ದೂಳು ಇಳಿಸಿ, ಮೇಲಿನಿಂದ ಕೆಳಕ್ಕೆ ಬರಬೇಕು, ಚಕ್ರದ ಬಟ್ಟೆ ಮೈಗೆ ತಾಗಬಾರದು. ರೇಷ್ಮೆ ಸೀರೆಗೆ ಅಂಟುವಾಳದ ನೊರೆಯಲ್ಲದೆ ಕ್ಷಾರದ ಸೋಪು ಮುಟ್ಟಿಸದ ಎಚ್ಚರ ರೇಷ್ಮೆಯ ಊರಾದ ಕೊಳ್ಳೇಗಾಲಕ್ಕೆ ಹೊಸದಲ್ಲ. ಅದೇ ಎಚ್ಚರ ಕಾರಿಗೂ ಬೇಕು: ಬಟ್ಟೆ ಒಗೆಯುವ ಪುಡಿ ಕಾರಿನ ವ್ಯಾಕ್ಸನ್ನು ಒಂದೇ ಸಲಕ್ಕೆ ಕಿತ್ತುಹಾಕುತ್ತದೆ, ಕಾರ್ ಶಾಂಪೂ ಉಳಿಸುತ್ತದೆ. ಒರೆಸಿದ ಮೇಲೂ ಬೆರಳಿಗೆ ಮರಳು ಮರಳಾಗಿ ತಾಗಿದರೆ ಅದು ಕಚ್ಚಿಕೊಂಡ ಕಬ್ಬಿಣದ ಹುಡಿ, ಡಾಂಬರು. ಜಪಾನಿನಲ್ಲಿ ಮೊದಲು ಬಳಕೆಗೆ ಬಂದ ಕ್ಲೇ ಎಂಬ ಮೇಣದಂಥ ಮುದ್ದೆಯನ್ನು ಸೋಪುನೀರು ಸುರಿದು ಭಾರ ಹಾಕದೆ ಜಾರಿಸಿದರೆ ಅದು ಕಿತ್ತು ಬರುತ್ತದೆ. ಮುದ್ದೆ ನೆಲಕ್ಕೆ ಬಿದ್ದರೆ ಎಸೆಯಬೇಕು, ಹತ್ತಿದ ಒಂದು ಕಲ್ಲಿನ ಕಣ ಸಾಕು ಕೆಡಿಸಲು. ಇಷ್ಟಾದ ಮೇಲೂ ಜೇಡರ ಬಲೆಯಂಥ ಗೀರು ಕಾಡಿದರೆ ಮಾತ್ರ ಅತಿ ನಯವಾದ ಪಾಲಿಶ್, ಕೊನೆಗೆ ವ್ಯಾಕ್ಸ್.

ನದಿಗಿಳಿದು ತೊಳೆಯುವ ರೂಢಿ ಈಗ ತಗ್ಗಿದೆ. ಅದು ತಗ್ಗಲೇಬೇಕಿತ್ತು, ಗ್ರೀಸು, ಡೀಸೆಲ್ ಸೇರಿದ ನೀರನ್ನು ಕೆಳಗಿನ ಊರು ಕುಡಿಯುತ್ತದೆ. ಆ ಜಾಗಕ್ಕೆ ಹೆದ್ದಾರಿಯ ಪಕ್ಕದ ವಾಟರ್ ಸರ್ವೀಸುಗಳು ಬಂದಿವೆ. ಅಲ್ಲಿನ ಒತ್ತಡದ ನೀರು ಅಡಿಯ ಕೆಸರಿಗೆ, ಹುರುಳಿ ಹೊಟ್ಟಿಗೆ ಒಳ್ಳೆಯದು. ಸಿಪ್ಪೆ ಎದ್ದ ಬಣ್ಣದ ಅಂಚಿಗೆ ಹತ್ತಿರ ಹಿಡಿದರೆ ಇನ್ನಷ್ಟು ಎಬ್ಬಿಸುತ್ತದೆ.

ಮನೆಯಲ್ಲಿ ಆಗದ ಕೆಲಸವೂ ಇದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ತಿಕ್ಕಿದರೆ ಹೋಗದು. ಜಲ್ಲಿ ಸಿಡಿದು ಕಬ್ಬಿಣ ಕಂಡ ಚುಕ್ಕೆಗೆ ತುಕ್ಕು ಕೆರೆದು, ಪ್ರೈಮರ್ ಮುಟ್ಟಿಸಿ, ಟಚ್‌ಅಪ್ ಬಣ್ಣ ತುಂಬಬೇಕು, ಮುಂಗಾರಿಗೆ ಮುಂಚೆ. ಸುಲಿದ ಕ್ಲಿಯರಿಗೆ ಯಾವ ಪಾಲಿಶೂ ಮದ್ದಲ್ಲ, ಎನ್.ಸಿ. ಬಣ್ಣದಂತೆ ಅದು ಹೊಸದರೊಳಗೆ ಕರಗಿ ಬೆರೆಯದು. ಆ ಭಾಗವನ್ನಿಡೀ ವಾಟರ್ ಪೇಪರ್ ಹೊಡೆದು ಇಳಿಸಿ, ದೂಳಿಲ್ಲದ ಜಾಗದಲ್ಲಿ ಮತ್ತೆ ಬಣ್ಣ, ಮತ್ತೆ ಕ್ಲಿಯರ್ ಕೊಡಿಸಬೇಕು. ಗ್ಯಾರೇಜಿನಿಂದ ಬಂದ ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಅದಕ್ಕೆ ವ್ಯಾಕ್ಸ್, ಟೇಪು, ಕವರು ಯಾವುದೂ ಕೂಡದು. ತಣ್ಣೀರು, ಮೆತ್ತನೆ ಬಟ್ಟೆ ಎರಡೇ.